ಮಳೆ ‘ಲೈಕ್ಲಿ’ಯಂತೆ!

ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ‘ಲೈಕ್ಲಿ’ ಎಂದಿದ್ದರೆ ಮಳೆಯ ಸಂಭವ ಶೇ 25ರಿಂದ 50. ಅಂದರೆ ಬಾರದಿರುವ ಸಂಭವವೇ ಹೆಚ್ಚು! ‘ವೆರಿ ಲೈಕ್ಲಿ’ಗೆ ಶೇ 50ರಿಂದ 75, ‘ಮೋಸ್ಟ್ ಲೈಕ್ಲಿ’ಗೆ ಅದಕ್ಕೂ ಮೇಲೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ ವರದಿಗಳಲ್ಲಾದರೆ ಬರೀ ‘ಲೈಕ್ಲಿ’ ಎನ್ನುವುದಕ್ಕೇ ಕನಿಷ್ಠ ಶೇ 66 ಬೇಕು. ಇರಲಿ, ಇಲಾಖೆ ತನ್ನ ಲೆಕ್ಕವನ್ನು ಬರೆದಾದರೂ ಇಡುತ್ತದೆ. ನನ್ನ ಸಿಟ್ಟೆಲ್ಲ ಟಿ.ವಿ. ವಾಹಿನಿಗಳ ಮೇಲೆ. ಈ ಮೂರನ್ನೂ ಕಲಸಿ ‘ಭಾರಿ ಮಳೆ ಸಾಧ್ಯತೆ’ ಎಂದು ಕೆಂಪಕ್ಷರದಲ್ಲಿ ಅರಚುತ್ತಾರೆ. ನಂಬಿ ಸಂಡಿಗೆ ಇಡುವುದನ್ನು ಮುಂದೂಡಿದರೆ ದಿನವಿಡೀ ಸುಡುಬಿಸಿಲು. ನಂಬದೆ ಮಹಡಿಯ ಮೇಲೆ ಇಟ್ಟರೆ ಮಧ್ಯಾಹ್ನಕ್ಕೇ ಧೋ ಎಂದು ಸುರಿಯುತ್ತದೆ. ಆ ಶೇಕಡಾ ಅಂಕಿಯನ್ನೇ ಒಮ್ಮೆ ಓದಿ ಹೇಳಿದರೆ ಇವರ ಗಂಟೇನು ಹೋಗುತ್ತದೆ?