ವಿಂಗ್‌ಸೂಟ್ ಹಾರಾಟದಲ್ಲಿ ಪ್ಯಾರಾಚೂಟ್ ಬಿಚ್ಚುವ ಎತ್ತರ: ಒಂದು ಸ್ಪಷ್ಟನೆ

ವಿಂಗ್‌ಸೂಟ್ ಎಂದರೆ ವಿಮಾನದಿಂದ ಜಿಗಿದವರು ಗಾಳಿಯಲ್ಲಿ ತೇಲಲು ತೊಡುವ, ಕೈಕಾಲುಗಳ ನಡುವೆ ಬಟ್ಟೆಯ ರೆಕ್ಕೆಗಳಿರುವ ಉಡುಪು. ‘ವಿಂಗ್‌ಸೂಟ್ ನಿಧಾನವಾಗಿ ಇಳಿಯುವುದರಿಂದ 2,000 ಅಡಿಯಲ್ಲಿ ಪ್ಯಾರಾಚೂಟ್ ಬಿಚ್ಚಿದರೂ ಸಾಕು’ ಎಂಬ ಸಂದೇಶವೊಂದು ಚಿಕ್ಕಮಗಳೂರಿನ ಸಾಹಸಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಂತೆ ಹೆಚ್ಚಿನ ಅನುಭವದ ಪರವಾನಗಿ ಇರುವವರಿಗೂ ಕನಿಷ್ಠ ಮಿತಿ 2,500 ಅಡಿ. ಅದೂ ಸಾಮಾನ್ಯ ಜಿಗಿತಕ್ಕೂ ಅನ್ವಯಿಸುವ ತಳಮಿತಿಯೇ ಹೊರತು ವಿಂಗ್‌ಸೂಟಿಗೆ ಸೂಚಿಸಿದ ಸುರಕ್ಷಿತ ಎತ್ತರವಲ್ಲ. ವಿಂಗ್‌ಸೂಟ್ ತೊಟ್ಟವರ ತೋಳುಗಳು ಬಟ್ಟೆಯ ರೆಕ್ಕೆಯೊಳಗೆ ಬಂಧಿಯಾಗಿರುತ್ತವೆ. ಪ್ಯಾರಾಚೂಟ್ ತೆರೆಯುವಾಗ ಹಗ್ಗಗಳು ತಿರುಚಿಕೊಳ್ಳುವ ಸಂಭವವೂ ಹೆಚ್ಚು, ಆಗ ತೋಳಿನ ಜಿಪ್ ಎಳೆದು ಕೈ ಬಿಡಿಸಿಕೊಂಡ ನಂತರವೇ ಹಗ್ಗ ಸರಿಪಡಿಸಲು ಸಾಧ್ಯ. ಆದ್ದರಿಂದಲೇ ಅನುಭವಿಗಳು ಇನ್ನೂ ಮೇಲೆಯೇ ಬಿಚ್ಚುತ್ತಾರೆ. ನಿಧಾನ ಇಳಿತವೇ ಇನ್ನೊಂದು ಅಪಾಯ: ತುರ್ತು ಪ್ಯಾರಾಚೂಟನ್ನು ತಾನೇ ಬಿಚ್ಚುವ ಸಾಧನ ಸಾಮಾನ್ಯವಾಗಿ ಸೆಕೆಂಡಿಗೆ 35 ಮೀಟರ್ ವೇಗದ ಸುತ್ತ ಚಾಲನೆಗೊಳ್ಳುತ್ತದೆ; ವಿಂಗ್‌ಸೂಟಿನ ಇಳಿತ ಅದಕ್ಕಿಂತ ನಿಧಾನವಾಗಿರಬಹುದಾದ್ದರಿಂದ ಅದನ್ನು ನೆಚ್ಚುವಂತಿಲ್ಲ.

ಈ ಎತ್ತರಗಳೆಲ್ಲ ನೆಲದಿಂದ ಲೆಕ್ಕ, ಸಮುದ್ರ ಮಟ್ಟದಿಂದಲ್ಲ. ನಮ್ಮ ಊರೇ ಸುಮಾರು 1,090 ಮೀಟರ್, ಅಂದರೆ 3,500 ಅಡಿಗೂ ಮೇಲಿದೆ. ಎತ್ತರಮಾಪಕವನ್ನು ಸಮುದ್ರ ಮಟ್ಟಕ್ಕೆ ಹೊಂದಿಸಿದ್ದರೆ ಅದು 4,000 ಎಂದು ತೋರಿಸುವಾಗ ನೆಲ ಐನೂರು ಅಡಿಯೊಳಗೇ ಇರುತ್ತದೆ.

ದಯವಿಟ್ಟು ಆ ಸಂದೇಶವನ್ನು ಇನ್ನಾರಿಗೂ ಕಳುಹಿಸಬೇಡಿ. ಕಳುಹಿಸಿದ್ದರೆ ಅಳಿಸಿ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ಹಾಕಿ.