ಪಂಚಾಂಗಕ್ಕೆ ಸ್ವೆಟರ್

ಮಂಗಳೂರಿನಲ್ಲಿ ಸಮತಟ್ಟು ಜಾಗ ಸಿಗಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು, ಇಲ್ಲವೇ ಈ ಜನ್ಮದ ಕೋಟಿ ರೂಪಾಯಿ ಬೇಕು. ಎರಡೂ ಇಲ್ಲದ ನನಗೆ ಕುಲಶೇಖರದ ಒಂದು ಗುಡ್ಡದ ಮಗ್ಗುಲಲ್ಲಿ ಹತ್ತು ಸೆಂಟ್ಸು ಸಿಕ್ಕಿತು. ಮೇಲೆ ರಸ್ತೆ, ಕೆಳಗೆ ತೋಡು, ನಡುವೆ ಜಾರುಬಂಡಿ. ಮನೆ ಕಟ್ಟುವಾಗ ಇಳಿಜಾರನ್ನು ಸರಿದೂಗಿಸಲು ಕೆಳಗಿನಿಂದ ಗೋಡೆ ಎಬ್ಬಿಸಿದೆವು. ಹಾಲ್‌ನ ಅಡಿಯಲ್ಲಿ ಒಂದು ಕೋಣೆ ತನ್ನಷ್ಟಕ್ಕೇ ಹುಟ್ಟಿಕೊಂಡಿತು. ಮೂರು ಕಡೆ ಮಣ್ಣು, ತೋಡಿನ ಕಡೆಗೆ ಒಂದು ಬಾಗಿಲು, ಒಂದು ಕಿಟಕಿ. ಇಪ್ಪತ್ತು ವರ್ಷ ಅದರಲ್ಲಿ ತೆಂಗಿನಕಾಯಿ, ಮಗನ ಮೂರು ಚಕ್ರದ ಸೈಕಲ್, ಮುರಿದ ಮಿಕ್ಸಿಗಳು ಅನ್ಯೋನ್ಯವಾಗಿ ಬಾಳಿದವು. ಕೊನೆಕೊನೆಗೆ ತೆಂಗಿನಕಾಯಿಗಳು ಅಲ್ಲೇ ಮೊಳಕೆಯೊಡೆಯತೊಡಗಿದ್ದವು. ತಳಿ ಒಳ್ಳೆಯದು ಎಂದುಕೊಂಡಿದ್ದೆ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ತೊಂದರೆ ಶುರುವಾಯಿತು. ತೊಂದರೆ ಕೋಣೆಯದ್ದಲ್ಲ, ನನ್ನದು. ಹಾಲ್‌ನ ಟಿವಿಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿಗಳ ಆಡಳಿತ. ಕ್ರಿಕೆಟ್ ನೋಡಲು ಒಂದು ಸ್ವತಂತ್ರ ಪ್ರಾಂತ್ಯ ಬೇಕಾಗಿತ್ತು. ಪ್ರೊಜೆಕ್ಟರು, ಪರದೆ, ನಾಲ್ಕು ಕುರ್ಚಿ, ಒಂದು ಏಸಿ, ಇಷ್ಟಿದ್ದರೆ ಕೆಳಗಿನ ಕೋಣೆಯೇ ಥಿಯೇಟರ್!

ಹೆಂಡತಿಯ ತಮ್ಮ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಅವನ ಬೇಸ್‌ಮೆಂಟಿನ ಥಿಯೇಟರನ್ನು ವಿಡಿಯೋ ಕಾಲ್‌ನಲ್ಲಿ ಹತ್ತು ಸಲ ತೋರಿಸಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಅಡಿಪಾಯವನ್ನು ಆ ಹೆಪ್ಪಿನ ಕೆಳಗೆ, ಮೂರೂವರೆಯಿಂದ ಐದು ಅಡಿ ಆಳಕ್ಕೆ ಇಳಿಸಲೇಬೇಕಂತೆ. ಅಷ್ಟು ಅಗೆದ ಮೇಲೆ ಇನ್ನೂ ನಾಲ್ಕಡಿ ಅಗೆದರೆ ಒಂದು ಮಹಡಿಯೇ ಸಿಗುತ್ತದಲ್ಲ ಎಂದು ಮನೆಮನೆಗೂ ಬೇಸ್‌ಮೆಂಟ್. ನನ್ನ ಯೋಜನೆ ಕೇಳಿ ಅವನಿಗೆ ಖುಷಿಯೋ ಖುಷಿ.

"ಭಾವ, ಇನ್ಸುಲೇಶನ್ ಇಲ್ಲದೆ ಏಸಿ ಹಾಕಬೇಡಿ, ಕರೆಂಟು ಬಿಲ್ಲಿನಲ್ಲೇ ಮನೆ ಮಾರಬೇಕಾದೀತು. ಗೋಡೆಗೆ ಫೋಮ್ ಹಲಗೆ, ಅದರ ಮೇಲೆ, ಅಂದರೆ ಕೋಣೆಯ ಕಡೆಗೆ, ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜಿಪ್ಸಂ ಬೋರ್ಡ್. ಪ್ಲಾಸ್ಟಿಕ್ಕನ್ನು ಮಾತ್ರ ಮರೆಯಬೇಡಿ."

ನಾನು ಮರೆಯಲಿಲ್ಲ. ಮೂವತ್ತೈದು ವರ್ಷ ಜನರ ಗೃಹಸಾಲದ ಅಂದಾಜುಪಟ್ಟಿಗೆ ಕೆಂಪು ಗೀಟು ಹಾಕಿದವನು ನಾನು. ಕಟ್ಟಡದ ವಿಷಯ ನನಗೆ ಗೊತ್ತುಂಟು ಎಂಬ ಭ್ರಮೆ ಬರಲು ಅಷ್ಟು ಸಾಕು.

ಮೇಸ್ತ್ರಿಗೆ ಫೋನು ಮಾಡಿ, "ಬೇಸ್‌ಮೆಂಟಿಗೆ ಥರ್ಮೋಕೋಲ್ ಹೊದೆಸಬೇಕು" ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ನಮ್ಮ ಕಡೆ ಮೇಸ್ತ್ರಿಗಳು ಬೇಸ್‌ಮೆಂಟ್ ಅನ್ನುವುದು ಗೋಡೆ ಏಳುವ ಮೊದಲು ಪಾಯದ ಮೇಲೆ ಕಟ್ಟುವ ಕಟ್ಟೆಗೆ, ಅಂದರೆ ಪಂಚಾಂಗಕ್ಕೆ. ಅದರೊಳಗೆ ಇರುವುದು ಕಲ್ಲು, ಮಣ್ಣು ಮತ್ತು ಮಾಲೀಕನ ಅರ್ಧ ಉಳಿತಾಯ.

"ಪಂಚಾಂಗಕ್ಕೆ ಥರ್ಮೋಕೋಲಾ? ಎಂತಕ್ಕೆ ಸರ್, ಚಳಿ ಆಗ್ತದಾ ಅದಕ್ಕೆ? ಸ್ವೆಟರ್ ಹಾಕಿದ ಪಂಚಾಂಗ ನಾನು ಈವರೆಗೆ ನೋಡಿಲ್ಲ ಮಾರಾಯ್ರೆ."

ಕೋಣೆಯನ್ನು ಕಣ್ಣಾರೆ ಕಂಡ ಮೇಲೂ ಅವರ ಸಂಶಯ ಹೋಗಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಡಾಕ್ಟರಂತೆ ಕಣ್ಣು ಮುಚ್ಚಿ, "ಕೆಂಪು ಕಲ್ಲು ಸರ್. ಇದಕ್ಕೆ ಉಸಿರು ಬೇಕು. ಬಾಯಿ ಮುಚ್ಚಿದರೆ ಕಷ್ಟ" ಅಂದರು. ನಾನು ಮಿನ್ನೆಸೋಟಾದ ವಿಡಿಯೋ ತೋರಿಸಿದೆ. ಅವರು ಕೊನೆಯವರೆಗೆ ನೋಡಿ, "ಆ ಗೋಡೆಗೆ ನೆಗಡಿ ಇಲ್ಲ, ಇದಕ್ಕುಂಟು" ಎಂದು ಹೇಳಿ ಕೆಲಸಕ್ಕೆ ಒಪ್ಪಿಕೊಂಡರು. ಕೂಲಿ ಬೇಡ ಅನ್ನುವಷ್ಟು ಸಂಶಯ ಅವರಿಗೆ ಇರಲಿಲ್ಲ.

ಮೇ ತಿಂಗಳಲ್ಲಿ ಕೆಲಸ. ಥರ್ಮೋಕೋಲ್ ತರಲು ಟೆಂಪೊ ಬಾಡಿಗೆ ಉಳಿಸೋಣವೆಂದು ರಿಕ್ಷಾದ ಹಿಂದೆ ಕಟ್ಟಿಸಿದೆ. ಇಳಿಜಾರಿನ ತಿರುವಿನಲ್ಲಿ ಕಡಲ ಗಾಳಿ ಹಿಡಿದು ಎರಡು ಹಲಗೆಗಳು ಹಾರಿ, ಒಂದು ಚರಂಡಿಗೆ, ಒಂದು ಮೀನು ಮಾರುವ ಹೆಂಗಸಿನ ಬುಟ್ಟಿಯ ಮೇಲೆ ಬಿತ್ತು. ಆಕೆ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಹಲಗೆಗೆ ಬಂಗುಡೆಯ ವಾಸನೆ ಅಂಟಿತು. ಅದನ್ನು ಮೂಲೆಗೆ ಹಾಕಿದೆವು. ಪ್ಲಾಸ್ಟಿಕ್ ಹಾಳೆ ಒಂದಡಿ ಉದ್ದವಾಯಿತು. ಕತ್ತರಿಸಿ ಬಿಸಾಡಲು ಮನಸ್ಸಾಗದೆ, ಕೆಳತುದಿಯನ್ನು ಥರ್ಮೋಕೋಲಿನ ಹಿಂದಕ್ಕೆ ಮಡಚಿ ಸಿಕ್ಕಿಸುವ ಉಪಾಯ ಹೇಳಿದವನು ನಾನೇ. ಈ ಮಡಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೇ ಕೊನೆಗೆ ಥಿಯೇಟರ್ ಸಿದ್ಧ. ಮೇಲೆ ತಾರಸಿ ಕಾವಲಿಯಂತೆ ಕಾದು, ಮಲಗುವ ಕೋಣೆಯಲ್ಲಿ ಫ್ಯಾನು ಬಿಸಿಗಾಳಿ ಹಂಚುತ್ತಿದ್ದರೆ, ಕೆಳಗೆ ಏಸಿ ಹಾಕುವ ಮೊದಲೇ ತಂಪು. ಫೋಮಿನ ಮಹಿಮೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹೆಂಡತಿ ಮಾತ್ರ, "ಆ ಕೋಣೆ ಮೊದಲಿನಿಂದಲೂ ತಂಪೇ ಅಲ್ವಾ? ಉಪ್ಪಿನಕಾಯಿ ಭರಣಿ ಅಲ್ಲೇ ಇಡ್ತಿದ್ದದ್ದು" ಅಂದಳು. ಮಣ್ಣಿನೊಳಗೆ ಕೂತ ಗೋಡೆಗೆ ಬಿಸಿಲು ತಾಗುವುದೇ ಇಲ್ಲ, ಬಿಸಿಲು ಬೀಳುವುದು ತಾರಸಿಗೆ, ಹೊದೆಸಬೇಕಾಗಿದ್ದು ಅಲ್ಲಿ. ಇದು ಅಷ್ಟೂ ದುಡ್ಡು ಮುಗಿದ ಮೇಲೆ ಹೊಳೆಯಿತು. ನನ್ನ ಸ್ಥಿತಿ ಬಿಸಿಲಿಗೆ ಹೊರಟಾಗ ಕಾಲಿಗೆ ಕೊಡೆ ಹಿಡಿದವನದ್ದು.

ಜೂನ್ ಬಂತು. ಮಂಗಳೂರಿನ ಮಳೆ ವರ್ಷಕ್ಕೆ ಮೂರೂವರೆ ಮೀಟರ್ ಎತ್ತರ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ದಿನಗಳಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಗೀರಿದರೆ ಅಳುತ್ತದೆ, ಕಪಾಟಿನ ಬೆಲ್ಟಿಗೆ ಹಸಿರು ಬೂಸ್ಟು ಬರುತ್ತದೆ. ಥಿಯೇಟರಿನಲ್ಲಿ ಮೊದಲು ಒಂದು ವಾಸನೆ ಶುರುವಾಯಿತು. ಬಂಗುಡೆಯ ಹಲಗೆ ಎಂದುಕೊಂಡೆ. ವಾಸನೆ ಹೋಗಲಿ ಎಂದು ಹೆಂಡತಿ ಬೆಳಿಗ್ಗೆ ಕಿಟಕಿ ತೆರೆಯುತ್ತಿದ್ದಳು, ತಂಪು ಹೋಗುತ್ತದೆಂದು ನಾನು ಮುಚ್ಚುತ್ತಿದ್ದೆ. ಮಗ ತೇವ ಅಳೆಯುವ ಸಣ್ಣ ಮೀಟರು ತರಿಸಿಕೊಟ್ಟ. ಕಿಟಕಿ ಮುಚ್ಚಿದರೆ ಶೇಕಡಾ 85, ತೆರೆದರೆ 93. ಗಾಳಿಯಾಡಲಿ ಎಂದು ತೆರೆದರೆ ಒಳಗೆ ಬರುವುದು ಗಾಳಿಯಲ್ಲ, ಮೋಡ. ಜಗಳದಲ್ಲಿ ನಾನು ಗೆದ್ದ ಅಪರೂಪದ ಸಂದರ್ಭ ಅದು. ಗೆದ್ದ ದಾಖಲೆಗಾಗಿ ಮೀಟರಿನ ಫೋಟೋ ತೆಗೆದಿಟ್ಟಿದ್ದೇನೆ.

ಜುಲೈ-ಆಗಸ್ಟಿನ ಆಟಿ ತಿಂಗಳ ಒಂದು ಭಾನುವಾರ ಬ್ಯಾಂಕಿನ ಹಳೆಯ ಗೆಳೆಯರು ಮ್ಯಾಚು ನೋಡಲು ಬಂದರು. ಹೊರಗೆ ಧಾರಾಕಾರ, ಒಳಗೆ ಏಸಿ 22ರಲ್ಲಿ, ಕೈಯಲ್ಲಿ ಪತ್ರೊಡೆ. ಇದಕ್ಕಿಂತ ಹೆಚ್ಚು ನಿವೃತ್ತ ಜೀವ ಏನು ಬಯಸೀತು? ಅಷ್ಟರಲ್ಲಿ ಮೂಲೆಯ ಕುರ್ಚಿಯವರು, "ನಿಮ್ಮ ಗೋಡೆಗೆ ಹೊಟ್ಟೆ ಬಂದಿದೆಯಲ್ಲ" ಅಂದರು. ನೋಡಿದರೆ ನಿಜ. ಜಿಪ್ಸಂ ಬೋರ್ಡಿನ ಕೆಳಭಾಗ ಊದಿಕೊಂಡಿದೆ. ಬೆರಳಿಟ್ಟು ಒತ್ತಿದೆ. ಬಿಸಿ ಇಡ್ಲಿಗೆ ಒತ್ತಿದಂತೆ ಬೆರಳು ಒಳಗೆ ಹೋಯಿತು. ತೆಗೆದೆ. ಆ ತೂತಿನಿಂದ ಒಂದು ಎಳೆ ನೀರು ಕಮಾನಾಗಿ ಹಾರಿ ಪತ್ರೊಡೆಯ ತಟ್ಟೆಗೆ ಬಿತ್ತು. ಆಮೇಲೆ ಅಡಿಭಾಗವೇ ಕಳಚಿಕೊಂಡು ಬಂತು. ನಾನು ಉಪಾಯದಿಂದ ಮಡಚಿದ ಪ್ಲಾಸ್ಟಿಕ್ ಮೂರು ಗೋಡೆಗಳುದ್ದಕ್ಕೂ ದೋಣಿಯಾಗಿ ನೀರು ತುಂಬಿಕೊಂಡಿತ್ತು. ಗೆಳೆಯರು ಕಾಲು ಮೇಲೆತ್ತಿ ಕೂತು ಆ ಓವರ್ ಪೂರ್ತಿ ನೋಡಿದರು. ಬ್ಯಾಂಕಿನವರು, ನಷ್ಟ ನೋಡಿ ಹೆದರುವ ಪೈಕಿ ಅಲ್ಲ.

ಕಾರಣ ಹೊಳೆದದ್ದು ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ಲೋಟದಿಂದ. ಲೋಟ ಸೋರದಿದ್ದರೂ ಹೊರಮೈಯೆಲ್ಲ ನೀರು. ಆಟಿಯ ಗಾಳಿ 28 ಡಿಗ್ರಿ ಇದ್ದು, ತೇವ 90 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿನ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ನೀರಾಗಿ ಕೂತುಬಿಡುತ್ತದೆ. ನನ್ನ ಏಸಿ ಆ ಪ್ಲಾಸ್ಟಿಕ್ಕನ್ನು ಮಜ್ಜಿಗೆ ಲೋಟ ಮಾಡಿತ್ತು. ಮಿನ್ನೆಸೋಟಾದ ಚಳಿಗಾಲದಲ್ಲಿ ತೇವ ಮನೆಯೊಳಗಿನ ಬೆಚ್ಚನೆ ಗಾಳಿಯಿಂದ ಹೊರಗೆ ಹೊರಡುತ್ತದೆ, ಅದಕ್ಕೆ ಪ್ಲಾಸ್ಟಿಕ್ಕಿನ ಬಾಗಿಲು ಒಳಗಡೆ. ನಮ್ಮಲ್ಲಿ ಅದು ಹೊರಗಿನಿಂದ ಒಳಗೆ ನೆಂಟರಂತೆ ಬರುತ್ತದೆ. ನಾನು ಅವರನ್ನು ಒಳಗೆ ಬಿಟ್ಟುಕೊಂಡು ನಡುಮನೆಯಲ್ಲಿ ಬೀಗ ಹಾಕಿದ್ದೆ. ಭಾವಮೈದುನನಿಗೆ ಫೋಟೋ ಕಳಿಸಿದೆ. "ನಮ್ಮಲ್ಲಿ ಹೀಗೆ ಆಗುವುದಿಲ್ಲ ಭಾವ" ಎಂದು ಉತ್ತರ ಬಂತು.

ಆದರೆ ಇಷ್ಟು ನೀರು ಬರೀ ಗಾಳಿಯಿಂದಲೇ? ಮೇಸ್ತ್ರಿ ಬಂದರು. ಒಳಗೆ ನೋಡಲೇ ಇಲ್ಲ. ಕೊಡೆ ಹಿಡಿದು ಮನೆಯ ಮೇಲ್ಬದಿಗೆ ಹೋಗಿ, ಗೋಡೆಯಿಂದ ಎಂಟಡಿ ದೂರದಲ್ಲಿ ನಿಂತು, "ಸರ್, ಇದು ಎಂತದು?" ಎಂದು ಕೇಳಿದರು.

ಅದು ನನ್ನ ಇಂಗುಗುಂಡಿ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಊರಿಗೆಲ್ಲ ನೀರಿನ ರೇಷನ್ ಆದಾಗ ಪಣತೊಟ್ಟು ತೋಡಿಸಿದ್ದು. ತಾರಸಿಯ ಸಾವಿರ ಚದರಡಿಗೆ ಬೀಳುವ ಮಳೆ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು. ಅಷ್ಟನ್ನೂ ಪೈಪಿನಲ್ಲಿ ತಂದು ಭೂಮಿತಾಯಿಗೆ ಒಪ್ಪಿಸುತ್ತಿದ್ದೆ. ಅಸೋಸಿಯೇಶನ್ ಮೀಟಿಂಗಿನಲ್ಲಿ ಈ ಬಗ್ಗೆ ಎರಡು ಸಲ ಭಾಷಣ ಮಾಡಿ, ಒಂದು ಶಾಲನ್ನೂ ಹೊದೆಸಿಕೊಂಡಿದ್ದೇನೆ. ಭೂಮಿತಾಯಿ ಅದನ್ನು ತೂತುತೂತಾದ ಕೆಂಪುಕಲ್ಲಿನ ಮೂಲಕ, ಇಳಿಜಾರು ಹಿಡಿದು, ನಿಯತ್ತಾಗಿ ನನ್ನ ಕೆಳಗಿನ ಕೋಣೆಗೆ ತಲುಪಿಸುತ್ತಿದ್ದಳು. ತೆಂಗಿನಕಾಯಿಯ ತಳಿಯ ಗುಟ್ಟೂ ಬಯಲಾಯಿತು.

"ನೀರು ಇಂಗಿದೆ ಸರ್, ಇಲ್ಲ ಅನ್ಲಿಕ್ಕಾಗುದಿಲ್ಲ" ಅಂದರು ಮೇಸ್ತ್ರಿ.

ಮೇಲಿನಿಂದ ಅತ್ತೆ, "ಎಂತ ಆಯ್ತು?" ಎಂದು ಕೇಳಿದರು. "ಪಂಚಾಂಗಕ್ಕೆ ನೀರು ಹೋಗಿದೆ" ಅಂದೆ. ಅವರು ಓಡಿಹೋಗಿ ದೇವರ ಕೋಣೆಯ ಪಂಚಾಂಗವನ್ನು ಎತ್ತಿ ಕಪಾಟಿನ ಮೇಲಿಟ್ಟರು.

ಮರುಬೇಸಿಗೆಯಲ್ಲಿ ರಿಪೇರಿ. ಗುಂಡಿ ಮನೆಯ ಕೆಳಬದಿಗೆ ವರ್ಗವಾಯಿತು. ಮೇಲ್ಬದಿಯ ಗೋಡೆಯ ಹೊರಗೆ ಪಾಯದವರೆಗೆ ಅಗೆದು, ನೀರು ತಡೆಯುವ ಲೇಪ ಬಳಿದು, ತೂತು ಕೊರೆದ ಪಿವಿಸಿ ಪೈಪು ಮಲಗಿಸಿ, ಮೇಲೆ ಜಲ್ಲಿ ತುಂಬಿ, ನೀರಿಗೆ ತೋಡಿನ ದಾರಿ ತೋರಿಸಿದೆವು. ಒಳಗಿನ ಪ್ಲಾಸ್ಟಿಕ್ಕು, ಬೋರ್ಡು ಎಲ್ಲ ಕಿತ್ತು ಗೋಡೆಗೆ ಸುಣ್ಣ. ಕಿತ್ತ ಥರ್ಮೋಕೋಲಿನಲ್ಲಿ ಅರ್ಧದಷ್ಟು ಇರುವೆಗಳ ಪಾಲಾಗಿತ್ತು. ಉಳಿದದ್ದರಲ್ಲಿ ಪಕ್ಕದ ಮನೆಯ ಹುಡುಗಿ ಶಾಲೆಯ ಪ್ರದರ್ಶನಕ್ಕೆ ಇಗ್ಲೂ ಮಾಡಿದಳು. ಎರಡನೇ ಬಹುಮಾನ ಬಂತು. ಹತ್ತಿರ ಹೋದರೆ ಮೀನಿನ ವಾಸನೆ ಬರುತ್ತಿತ್ತಂತೆ, ಇಗ್ಲೂಗೆ ಅದು ಸಹಜವೇ ಎಂದು ಟೀಚರು ಮೆಚ್ಚಿದರಂತೆ.

ಗಾಳಿಯ ತೇವಕ್ಕೆ ಮಗ ಡಿಹ್ಯುಮಿಡಿಫಯರ್ ತರಿಸಿದ. ನಮ್ಮ ಮನೆಯಲ್ಲಿ ಅದರ ಹೆಸರು 'ಹಿಂಡುವ ಮೆಷಿನ್'. ಏನೂ ಕಾಣದ ಗಾಳಿಯಿಂದ ರಾತ್ರಿಯೊಳಗೆ ಒಂದು ಡಬ್ಬ ನೀರು ಹಿಂಡಿ, ಡಬ್ಬ ತುಂಬಿತೆಂದು ನಸುಕಿನ ಮೂರಕ್ಕೆ ಕೂಗುತ್ತದೆ. ತಣ್ಣನೆಯ ಭಾಗ, ಬಿಸಿ ಭಾಗ ಎರಡೂ ಕೋಣೆಯೊಳಗೇ ಇರುವ ಫ್ರಿಜ್ಜು ಅದು; ನೀರು ತೆಗೆಯುತ್ತದೆ, ಬದಲಿಗೆ ಸೆಕೆ ಕೊಡುತ್ತದೆ. ಒಣಗಿದ, ಬೆಚ್ಚನೆಯ ಕೋಣೆ, ಅದೂ ಮಂಗಳೂರಿನಲ್ಲಿ, ಅದೂ ಜುಲೈಯಲ್ಲಿ!

ಮೊದಲ ವಾರ ಹೆಂಡತಿ ಎರಡು ಸೀರೆ ತಂದು ಹರಡಿದಳು. ಎರಡನೇ ವಾರ ಅಡ್ಡಕ್ಕೆ ನಾಲ್ಕು ಹಗ್ಗ ಬಂತು. ಮೂರನೇ ವಾರ ಪಕ್ಕದ ಮನೆಯ ಯೂನಿಫಾರ್ಮು, ಎದುರು ಮನೆಯ ಬಾಣಂತಿಯ ಮಗುವಿನ ಬಟ್ಟೆ, ಹೆಸರು ಗೊತ್ತಿಲ್ಲದ ಯಾರದೋ ಲುಂಗಿ. ಪರದೆಯ ಹುಕ್ಕುಗಳಿಗೆ ಈಗ ಬೆಡ್‌ಶೀಟು. ಮೊನ್ನೆ ಮ್ಯಾಚಿನ ಕೊನೆಯ ಓವರಿನಲ್ಲಿ ಬ್ಯಾಟ್ಸ್‌ಮನ್ ಎತ್ತಿ ಹೊಡೆದ. ಚೆಂಡು ಮೇಲೇರಿ, ಬಾಣಂತಿ ಮನೆಯ ಲಂಗೋಟಿ ದಾಟಿ, ಅತ್ತೆಯ ಬೈರಾಸಿನ ಕೆಂಪು ಅಂಚಿನ ಹತ್ತಿರ ಮಾಯವಾಯಿತು. ಸಿಕ್ಸರೋ ಕ್ಯಾಚೋ ತಿಳಿಯಲಿಲ್ಲ. ಎದ್ದು ಹೋಗಿ ಬೈರಾಸನ್ನು ಸರಿಸಿದೆ.

"ಅದು ಇನ್ನೂ ಒಣಗಿಲ್ಲ" ಎಂದು ಮೇಲಿನಿಂದ ಕೂಗು ಬಂತು. ವಾಪಸು ಹಾಕಿದೆ.