ಸ್ಪಷ್ಟನೆ: ಜೈಲಿನ ಮನಶ್ಶಾಸ್ತ್ರಜ್ಞರು ಬಾಯಿ ಬಿಡಿಸುವವರಲ್ಲ

‘ಜೈಲಿನ ಮನಶ್ಶಾಸ್ತ್ರಜ್ಞರು ಕೈದಿಗಳಿಗೆ ಮಂಪರು ಪರೀಕ್ಷೆ ಮಾಡಿ ಬಾಯಿ ಬಿಡಿಸುತ್ತಾರೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಂಪರು ಪರೀಕ್ಷೆ ಪೊಲೀಸ್ ತನಿಖೆಗೆ ಸೇರಿದ್ದು. ಅದನ್ನೂ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೀಗೆ ಹೇಳಿದೆ. ನಮ್ಮದೇ ರಾಜ್ಯದ ಕೇಸು ಅಲ್ವಾ, ಇಷ್ಟಾದರೂ ಗೊತ್ತಿರಬೇಕಿತ್ತು!

ಮನಶ್ಶಾಸ್ತ್ರಜ್ಞರ ಕೆಲಸವೇ ಬೇರೆ. ಹೊಸದಾಗಿ ಒಳಗೆ ಬಂದವರಿಗೆ ಸಾಯುವ ಯೋಚನೆ ಬರುತ್ತಿದೆಯಾ, ಕುಡಿತ ದಿಢೀರ್ ನಿಂತು ಕೈ ನಡುಗುತ್ತಿದೆಯಾ, ನಿದ್ದೆ ಹತ್ತುತ್ತಿದೆಯಾ ಎಂದು ನೋಡುತ್ತಾರೆ. ಕೂರಿಸಿಕೊಂಡು ಮಾತಾಡಿಸುತ್ತಾರೆ. ಮಾತ್ರೆ ಬರೆದುಕೊಡುವವರು ಮನೋವೈದ್ಯರು. ಚಿಕಿತ್ಸೆಯಲ್ಲಿ ಹೇಳಿಕೊಂಡಿದ್ದನ್ನು ಗುಟ್ಟಾಗಿಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಜೀವಕ್ಕೆ ಅಪಾಯ, ಕೋರ್ಟ್ ಆದೇಶದಂಥ ಕೆಲವು ವಿನಾಯಿತಿಗಳು ಮಾತ್ರ ಉಂಟು.